ಬೆರಳಾಡುವಷ್ಟು ದಿನ

ರೀ,

ಹೊಟ್ಟೆಯ ನಳಿಕೆಗೆ ಊಟ ಹಾಕಿ, ಬಾಯಿ ಒರೆಸಿ, ನಿಮ್ಮನ್ನು ಎಡಮಗ್ಗುಲಿಗೆ ಹೊರಳಿಸಿ ಈಗಷ್ಟೇ ಈಚೆ ಬಂದು ಕೂತೆ. ಕಿಟಕಿಯ ಪರದೆಯನ್ನು ಅರ್ಧ ಮಾತ್ರ ಎಳೆದಿದ್ದೇನೆ, ಪೂರ್ತಿ ಎಳೆದರೆ ನಿಮಗೆ ಆಗುವುದಿಲ್ಲ. ನಿದ್ದೆ ಹತ್ತಿದೆ ನಿಮಗೆ, ಮೂಗಿನ ಸದ್ದು ಇಲ್ಲಿಗೇ ಕೇಳುತ್ತಿದೆ. ಎದ್ದ ಮೇಲೆ ಪಕ್ಕದಲ್ಲಿ ಕೂತು ಇದನ್ನು ಓದಿ ಹೇಳುತ್ತೇನೆ.

ಒಂದು ಗೋಡೆಯಾಚೆ ಮಲಗಿದವನಿಗೆ ಕಾಗದ ಬರೀತಾಳಲ್ಲ ಇವಳು ಎಂದು ನಗಬೇಡಿ. ಬಾಯಲ್ಲಿ ಹೇಳಹೊರಟರೆ ಎರಡನೇ ಮಾತಿಗೇ ನನಗೆ ಅಳು ಬರುತ್ತದೆ. ನಾನು ಅತ್ತರೆ ನೀವೂ ಅಳುತ್ತೀರಿ. ನೀವು ಅತ್ತರೆ ಗಂಟಲಲ್ಲಿ ಜೊಲ್ಲು ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತದೆ. ಅಳುವುದಕ್ಕೂ ನಮ್ಮಿಬ್ಬರಿಗೆ ಈಗ ಅನುಕೂಲವಿಲ್ಲ. ಅದಕ್ಕೇ ಅಳುವುದನ್ನೆಲ್ಲ ಈ ಕಂಪ್ಯೂಟರಿನ ಮುಂದೆಯೇ ಮುಗಿಸಿ, ಮುಖ ತೊಳೆದುಕೊಂಡು ನಿಮ್ಮ ಹತ್ತಿರ ಬರೋಣ ಅಂತ.

ಡಾಕ್ಟರು ನಿನ್ನೆ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿರಿ. ನಾನು ಕೊಡಲಿಲ್ಲ. ಹೇಳಬೇಕಾದದ್ದು ಅದನ್ನೇ. ಆದರೆ ನೆಟ್ಟಗೆ ಅಲ್ಲಿಗೆ ನಡೆದುಹೋಗಲು ಕಾಲು ಬರುತ್ತಿಲ್ಲ. ಹಿಂದಿನಿಂದ ಸುತ್ತಿಕೊಂಡು ಬರುತ್ತೇನೆ, ಸಹಿಸಿಕೊಳ್ಳಿ. ನೀವೇನೂ ಎದ್ದು ಹೋಗುವ ಹಾಗಿಲ್ಲವಲ್ಲ!

ನೀವು ಲಿಫ್ಟ್ ಮೆಕ್ಯಾನಿಕ್ಕಾಗಿದ್ದಾಗ ನನಗೆ ನಿಮ್ಮ ಕೆಲಸ ಎಂದರೆ ಅಂಗಿಯ ತೋಳಿನ ಗ್ರೀಸು, ಅಷ್ಟೆ. ನನ್ನ ಹೊಲಿಗೆ ಮೇಜಿನ ಹತ್ತಿರ ನಿಮ್ಮನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಜನರ ಕೋಟು, ಪ್ಯಾಂಟು ಬಿಗಿ ಮಾಡಿ, ಸಡಿಲ ಮಾಡಿ ಕೊಡುವವಳು ನಾನು. ಒಂದು ಕಲೆ ಬಿದ್ದರೆ ನನ್ನ ಹೆಸರು ಕೆಡುತ್ತದೆ. ನೀವೋ, ಬೇಕೆಂದೇ ಎರಡೂ ಕೈ ಎತ್ತಿಕೊಂಡು ಕಳ್ಳನ ಹಾಗೆ ನನ್ನ ಮುಂದೆ ಹಾದುಹೋಗುತ್ತಿದ್ದಿರಿ. ಆ ಕೈಗಳಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದವಳು ನಾನಲ್ಲ, ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಉದ್ದಣ್ಣ. ಲಿಫ್ಟು ಏರಿಳಿಯುವ ಬಾವಿಯೊಳಗೆ ನೀವು ಮೇಲೆ, ಅವನು ಕೆಳಗೆ. ನಿಮ್ಮ ಕೈಯಿಂದ ಸ್ಪ್ಯಾನರ್ ಜಾರಿ ಅವನ ಕಿವಿಯ ಪಕ್ಕದಲ್ಲೇ ಬಿತ್ತು. ಮೊದಲ ಸಲ ಅವನು ನಕ್ಕನಂತೆ. ಇನ್ನೊಮ್ಮೆ ಬಿದ್ದಾಗ ನಗಲಿಲ್ಲ. ಸಂಜೆ ಮನೆಗೆ ಬಂದು, ನೀವು ಕೈಕಾಲು ತೊಳೆಯಲು ಒಳಗೆ ಹೋದಾಗ ಪಿಸುಮಾತಿನಲ್ಲಿ ಹೇಳಿದ: "ಅತ್ತಿಗೆ, ಅಣ್ಣನ ಕೈಯಿಂದ ಸ್ಪ್ಯಾನರ್ ಜಾರೋದು ಅಂದ್ರೆ ಹಾವಿನ ಬಾಯಿಂದ ಕಪ್ಪೆ ಜಾರಿದ ಹಾಗೆ. ಏನೋ ಆಗಿದೆ. ತೋರಿಸಿ."

ತೋರಿಸಿದೆವು. ಡಾಕ್ಟರು ನಿಮ್ಮ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೆಬ್ಬೆರಳ ಬುಡದಲ್ಲಿ ಮಾಂಸ ಇಳಿದಿರುವುದನ್ನು ನನಗೆ ತೋರಿಸಿದರು. "ನರಗಳು ಒಣಗ್ತಾ ಬರುತ್ವೆ. ಕೈ, ಕಾಲು, ಮಾತು, ನುಂಗೋದು, ಕೊನೆಗೆ ಉಸಿರು. ಬುದ್ಧಿ ಮಾತ್ರ ಹಾಗೇ ಇರುತ್ತೆ." ಔಷಧಿ ಇಲ್ವಾ ಎಂದು ಕೇಳಿದಿರಿ. "ನಿಧಾನ ಮಾಡೋಕೆ ಇದೆ, ನಿಲ್ಲಿಸೋಕೆ ಇಲ್ಲ" ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನೀವು ನನ್ನ ಭುಜ ಹಿಡಿದು, "ಬುದ್ಧಿ ಹಾಗೇ ಇರುತ್ತಂತೆ ಕಣೇ. ದೇವರು ನನಗೆ ಮೊದಲೇ ಕಮ್ಮಿ ಕೊಟ್ಟಿದ್ದ. ಅದೊಂದನ್ನೇ ಬಿಟ್ಟಿದಾನೆ ನೋಡು!" ಎಂದಿರಿ. ಜನ ಹತ್ತುತ್ತಾ ಇಳಿಯುತ್ತಾ ಇದ್ದ ಮೆಟ್ಟಿಲ ಮೇಲೆ ನಾವಿಬ್ಬರೂ ಹುಚ್ಚರ ಹಾಗೆ ನಕ್ಕೆವು.

ಕಂಪನಿಯವರು ನಿಮ್ಮನ್ನು ಬಾವಿಯಿಂದ ಮೇಲಕ್ಕೆಳೆದು ದೂರು ವಿಭಾಗದ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ ಒಂದು ಕಿಟಕಿ, ನಾಲ್ಕು ಮೇಜು, ಕೆಮ್ಮುವ ಒಂದು ಪ್ರಿಂಟರು. ಬೆಳಗಿನಿಂದ ಸಂಜೆಯವರೆಗೆ ಮೇಲ್‌ಗಳು. ಬಾಗಿಲು ಮುಚ್ಚುತ್ತಿಲ್ಲ, ಗುಂಡಿ ಒತ್ತಿದರೆ ದೀಪ ಬರುತ್ತಿಲ್ಲ, ಮೇಲೇರುವಾಗ ನಾಯಿ ಕುಂಯ್ಗುಟ್ಟಿದ ಹಾಗೆ ಸದ್ದು ಬರುತ್ತದೆ. ಓದಿ, ಯಾವ ಮೆಕ್ಯಾನಿಕ್ಕಿಗೆ ಹೋಗಬೇಕೋ ಅವನಿಗೆ ದಾಟಿಸಿ, ಬರೆದವರಿಗೊಂದು ಉತ್ತರ ಹಾಕಿ, ಮೇಲ್ ಎತ್ತಿಡಬೇಕು. ಇಷ್ಟೇ ಕೆಲಸ. ಆದರೆ ನಿಮಗೆ ಕಾಟ ಕೊಟ್ಟಿದ್ದು ಮೌಸು. ಅದನ್ನು ಹಿಡಿದ ಕೈ ನಡುಗುತ್ತಿತ್ತು. ಪರದೆಯ ಮೇಲಿನ ಬಾಣವನ್ನು ಒಂದು ಗುಂಡಿಯ ಮೇಲೆ ನಿಲ್ಲಿಸುವಷ್ಟರಲ್ಲಿ ಅದು ಇನ್ನೊಂದರ ಮೇಲೆ ಹಾರಿ ಕೂತಿರುತ್ತಿತ್ತು. ಉತ್ತರ ಕೊಡಲು ಹೋಗಿ ಅಳಿಸಿದ್ದು, ಅಳಿಸಲು ಹೋಗಿ ಇನ್ಯಾರಿಗೋ ಕಳಿಸಿದ್ದು. "ಸೂಜಿಗೆ ದಾರ ಪೋಣಿಸೋ ಕೆಲಸ ಕಣೇ ಅದು, ನಿನ್ನಂಥೋರಿಗೆ ಸರಿ" ಎಂದು ಒಂದು ಸಂಜೆ ಬಾಗಿಲಲ್ಲೇ ಕೂತುಬಿಟ್ಟಿರಿ, ಬೂಟು ಬಿಚ್ಚಲೂ ಇಲ್ಲ. ನಾನೇ ಬಿಚ್ಚಿದೆ. ಅದೇ ಮೊದಲು. ಅದಾದ ಮೇಲೆ ನಿಮ್ಮ ಬೂಟನ್ನು ನೀವು ಬಿಚ್ಚಲೇ ಇಲ್ಲ.

ನಿಮ್ಮ ಮೇಲಿನ ಅಧಿಕಾರಿಗೆ ನೀವಿಟ್ಟ ಹೆಸರು ಗಂಟೆ ಮೇಡಂ. ಯಾರ ಮೇಲ್‌ಪೆಟ್ಟಿಗೆ ಖಾಲಿಯಾದರೂ ಆಕೆ ತನ್ನ ಮೇಜಿನ ಮೇಲಿನ ಪುಟ್ಟ ಗಂಟೆಯನ್ನು ಟಿಣ್ ಎನ್ನಿಸುತ್ತಿದ್ದರಂತೆ. ನಿಮ್ಮ ಪಾಲಿಗೆ ಅದು ಒಂದು ದಿನವೂ ಬಾರಿಸಿರಲಿಲ್ಲ. ಆಕೆ ಒಂದು ದಿನ ನಿಮ್ಮ ಹಿಂದೆ ಬಂದು ನಿಂತು, ಸ್ವಲ್ಪ ಹೊತ್ತು ನೋಡಿ, ಮೌಸನ್ನು ಬಾಲ ಸಮೇತ ಕಿತ್ತು ಪ್ರಿಂಟರಿನ ಮೇಲಿಟ್ಟರಂತೆ.

"ಇದು ನಿಮ್ಮ ಶತ್ರು. ಇವತ್ತಿಂದ ಮುಟ್ಟಬೇಡಿ."

"ಮತ್ತೆ ಕೆಲಸ ಹೆಂಗೆ ಮೇಡಂ?"

"ಒಂದೊಂದು ಅಕ್ಷರಕ್ಕೆ ಒಂದೊಂದು ಕೆಲಸ. ಬೆರಳು ಎತ್ತಿ ಇಟ್ಟರೆ ಸಾಕು, ಕೈ ಎಲ್ಲಿಗೂ ಹೋಗಬೇಕಾಗಿಲ್ಲ."

ಮೇಡಂ ಕಂಪ್ಯೂಟರಿನಲ್ಲಿ ಎಲ್ಲೋ ಒಳಗೆ ಹೋಗಿ ಕೀಲಿಮಣೆಯ ಶಾರ್ಟ್‌ಕಟ್ಟುಗಳನ್ನು ಚಾಲೂ ಮಾಡಿ, ಪ್ರಶ್ನೆಯ ಚಿಹ್ನೆ ಇರುವ ಕೀ ಒತ್ತಿದರಂತೆ. ಪರದೆಯ ತುಂಬ ಅಕ್ಷರಗಳ ಸಂತೆ. "ಇಷ್ಟೆಲ್ಲ ಇತ್ತಾ ಇದರ ಹೊಟ್ಟೇಲಿ!" ಎಂದು ನೀವು ಬಾಯಿ ತೆರೆದು ಕೂತಿರಂತೆ. ಆವತ್ತು ಮನೆಗೆ ಬಂದಾಗಿನ ನಿಮ್ಮ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಕತ್ತರಿಸುವ ಮೇಜಿನ ಮೇಲೆ, ನನ್ನದೇ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಡೊಂಕು ಡೊಂಕಾಗಿ ಚೌಕ ಬರೆದು ಕೀಲಿಮಣೆ ಮಾಡಿದಿರಿ. ಜೆ ಒತ್ತಿದರೆ ಮುಂದಿನ ಮೇಲ್, ಕೆ ಒತ್ತಿದರೆ ಹಿಂದಿನದು. ಆರ್ ಅಂದರೆ ಉತ್ತರ, ಎಫ್ ಅಂದರೆ ಇನ್ನೊಬ್ಬರಿಗೆ ದಾಟಿಸುವುದು, ಇ ಅಂದರೆ ಕಣ್ಣಮುಂದಿನಿಂದ ಎತ್ತಿಡುವುದು, ಸಿ ಅಂದರೆ ಹೊಸ ಮೇಲ್. ಕಂಟ್ರೋಲು ಎಂಟರು ಒಟ್ಟಿಗೆ ಒತ್ತಿದರೆ ಹೋಯಿತು, ಕೈ ಬಿಟ್ಟ ಹಕ್ಕಿ. ನಾನು ಅಡಿಗೆ ಮಾಡುತ್ತಾ "ಉತ್ತರ ಕೊಡು" ಎಂದು ಕೂಗಬೇಕು, ನೀವು ಮೇಜಿನ ಮೇಲೆ ಟಕ್ ಎಂದು ಆರ್ ಕುಟ್ಟಬೇಕು. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ದೊಡ್ಡ ಮಗು ಶಾಲೆಗೆ ಸೇರಿದ ಹಾಗಾಗಿತ್ತು. ಒಂದು ದಿನ ನಾನು ಮೇಜು ಒರೆಸದೆ ಅದರ ಮೇಲೆ ಕರಿ ಕೋಟು ಹಾಸಿದ್ದೆ, ಗಿರಾಕಿ ಅದನ್ನು ತೊಟ್ಟುಕೊಂಡು ಕನ್ನಡಿಯ ಮುಂದೆ ತಿರುಗಿದಾಗ ಬೆನ್ನ ಮೇಲೆ ಜೆ, ಕೆ ಬೆಳ್ಳಗೆ ಹೊಳೆಯುತ್ತಿದ್ದವು. ನಾನು ಬೈದೆ. "ಜೆ ಒತ್ತಿ ಕಳಿಸು, ಮುಂದಿನ ಗಿರಾಕಿ ಬರ್ತಾನೆ" ಎಂದಿರಿ ನೀವು.

ಗಂಟೆ ನಿಮಗಾಗಿಯೂ ಬಾರಿಸತೊಡಗಿತು. ಆಮೇಲಾಮೇಲೆ ನಿಮಗೇ ಮೊದಲು. ಬೇರೆಯವರ ಕೈ ಕೀಲಿಮಣೆಗೂ ಮೌಸಿಗೂ ನಡುವೆ ದಿನವಿಡೀ ಓಡಾಡುತ್ತಿದ್ದರೆ ನಿಮ್ಮ ಕೈ ಕೂತಲ್ಲೇ ಕೂತು ಮೇಲ್ ಮೇಲೆ ಮೇಲ್ ಕಳಿಸುತ್ತಿತ್ತು. ಮೇಡಂ ಉಳಿದ ಮೂವರಿಗೂ ಹೇಳಿಕೊಡಲು ನಿಮ್ಮನ್ನೇ ನಿಲ್ಲಿಸಿದರು. ಆ ದಿನ ನೀವು ಇಸ್ತ್ರಿ ಅಂಗಿ ಕೇಳಿದಿರಿ. ಬಾವಿಯೊಳಗೆ ಇಳಿಯುವವನಿಗೆ ಇಸ್ತ್ರಿ ಯಾಕೆ ಎಂದು ಅಷ್ಟು ವರ್ಷ ನನ್ನನ್ನು ಗೇಲಿ ಮಾಡಿದವರು.

ನಾನು ಮೋಸ ಹೋದದ್ದು ಅಲ್ಲೇ. ಇಷ್ಟು ಬೇಗ ಓಡುವ ಬೆರಳಿಗೆ ರೋಗ ಹೇಗಿರುತ್ತದೆ ಎಂದುಕೊಂಡೆ. ನಿಮಗೆ ಗೊತ್ತಿಲ್ಲದೆ ಡಾಕ್ಟರಿಗೆ ಫೋನು ಮಾಡಿದೆ. "ಅವರು ಈಗ ಎಲ್ಲರಿಗಿಂತ ಬೇಗ ಕೆಲಸ ಮಾಡ್ತಾರೆ ಡಾಕ್ಟ್ರೇ, ಎಲ್ಲೋ ಪರೀಕ್ಷೆ ತಪ್ಪಾಗಿರಬೇಕು." ಆ ಪುಣ್ಯಾತ್ಮ, "ದಾರಿ ಹತ್ತಿರ ಮಾಡಿಕೊಂಡಿದಾರಮ್ಮ, ಕಾಲಿಗೆ ಶಕ್ತಿ ಬಂದಿಲ್ಲ" ಎಂದರು. ಫೋನಿಟ್ಟು, ಗಿರಾಕಿಯ ಪ್ಯಾಂಟಿನ ಅಂಚು ಮಡಿಚಿ ಹೊಲಿದೆ. ಒಂದು ಕಾಲು ಗಿಡ್ಡವಾಯಿತು. ಬಿಚ್ಚಿ ಮತ್ತೆ ಹೊಲಿದೆ.

ರೋಗವೂ ಸುಮ್ಮನಿರಲಿಲ್ಲ. ಬಲಗೈ ಮೇಜಿನ ಮೇಲೆ ಇಟ್ಟಲ್ಲೇ ಉಳಿಯಿತು. ಎಡಗೈಯಲ್ಲೇ ಎಲ್ಲ ನಡೆಸಿದಿರಿ. ಎರಡು ಕೀ ಒಟ್ಟಿಗೆ ಒತ್ತಲು ಆಗದಾದಾಗ, ಒಂದಾದ ಮೇಲೆ ಒಂದು ಒತ್ತಿದರೂ ಸಾಕು ಎನ್ನುವ ಹಾಗೆ ಮೇಡಂ ಏನೋ ಬದಲಾಯಿಸಿಕೊಟ್ಟರು. ಕಾಲು ಕೈಕೊಟ್ಟಾಗ ಮನೆಯಿಂದಲೇ ಕೆಲಸ ಮಾಡಿ ಎಂದು ಈ ಕಂಪ್ಯೂಟರು ಕಳಿಸಿದರು. ಉದ್ದಣ್ಣ ಹೆಗಲ ಮೇಲೆ ಹೊತ್ತು ತಂದ. ನಿಮ್ಮಕ್ಕ ಅದೇ ವಾರ ಬಂದಿದ್ದರು. ನಿಮ್ಮ ಒಂದೇ ಬೆರಳು ಕೀಲಿಮಣೆಯ ಮೇಲೆ ಕೋಳಿ ಕಾಳು ಹೆಕ್ಕಿದ ಹಾಗೆ ಆಡುವುದನ್ನು ಬಾಗಿಲಲ್ಲಿ ನಿಂತು ನೋಡಿ, ಅಡಿಗೆಮನೆಗೆ ಬಂದು ನನ್ನನ್ನು ಹಿಡಿದುಕೊಂಡರು. "ಸಾಯೋ ಮನುಷ್ಯನ್ನ ದುಡಿಸ್ತೀಯಲ್ಲೇ, ನಿನಗೆ ಕರುಳು ಅನ್ನೋದು ಇದೆಯಾ?" ಉತ್ತರ ಕೊಟ್ಟವರು ನೀವು. ಆಗಲೇ ಮಾತು ತೊದಲುತ್ತಿತ್ತು. ಕೂತಲ್ಲಿಂದಲೇ ಕೂಗಿದಿರಿ: "ಅಕ್ಕಾ, ಅವಳು ದುಡಿಸ್ತಿಲ್ಲ. ಇದನ್ನೂ ಕಿತ್ಕೊಂಡ್ರೆ ನಾನು ಬರೀ ರೋಗಿ ಆಗ್ತೀನಿ." ನಿಮ್ಮಕ್ಕ ಆವತ್ತು ಊಟ ಮಾಡದೆ ಹೋದರು. ಅವರದೂ ತಪ್ಪಲ್ಲ. ಒಡಹುಟ್ಟಿದ ಕರುಳು.

ಕೊನೆಯ ಬೆರಳೂ ನಿಂತ ದಿನ ನೀವು ಯಾರಿಗೂ ಹೇಳಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಮಷಿನ್ ತುಳಿಯುತ್ತಿದ್ದೆ. ಟಕ್ ಟಕ್ ಸದ್ದು ಬರದೆ ಬಹಳ ಹೊತ್ತಾದ ಮೇಲೆ ಎದ್ದು ಬಂದೆ. ಪರದೆಯ ಮೇಲೆ ಮೇಲ್‌ಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು, ನೀವು ನೋಡುತ್ತಾ ಕೂತಿದ್ದಿರಿ. ನನ್ನತ್ತ ತಿರುಗಿ, "ನೀನು ಕೂತ್ಕೋ" ಎಂದಿರಿ.

"ನನಗೇನು ಬರುತ್ತೆ?"

"ಪೆಡಲ್ ತುಳೀತೀಯಲ್ಲ, ಹಾಗೇ. ನಾನು ಅಕ್ಷರ ಹೇಳ್ತೀನಿ, ನೀನು ಒತ್ತು."

ನಾನು ಕೂತೆ. ಮೊದಲ ದಿನವೇ ಕೆಟ್ಟ ಕೆಲಸ ಮಾಡಿದೆ. ನೀವು ಆರ್ ಎಂದಿರಿ, ನನಗೆ ಕೇಳಿಸಲಿಲ್ಲ. ಉತ್ತರ ಬರೆಯುವ ಚೌಕ ತೆರೆದೇ ಇಲ್ಲ, ನಾನು ನೀವು ಹೇಳಿದ ಸಾಲನ್ನು ಮೈಮರೆತು ಟಪಟಪ ಕುಟ್ಟಿದೆ. ಒತ್ತಿದ ಒಂದೊಂದು ಅಕ್ಷರವೂ ಒಂದೊಂದು ಅಪ್ಪಣೆಯಾಯಿತು. ಒಂದು ಮೇಲ್ ಮಾಯವಾಯಿತು, ಒಂದಕ್ಕೆ ನಕ್ಷತ್ರ ಬಿತ್ತು, ಒಂದು ಯಾರಿಗೋ ಹೋಗಲು ಬಾಯಿ ತೆರೆದು ನಿಂತಿತು, ಪರದೆಯೇ ಭೂತ ಹಿಡಿದ ಹಾಗೆ ಕುಣಿಯಿತು. ನಾನು ಹೆದರಿ ಇನ್ನೂ ಜೋರಾಗಿ ಒತ್ತಿದೆ. "ನಿಲ್ಸೇ, ಪುಣ್ಯಾತ್ಗಿತ್ತಿ, ನಿಲ್ಸೇ!" ಎಂದು ಕೂಗುತ್ತಾ ನೀವು ನಗತೊಡಗಿದಿರಿ. ನಗು ನಿಲ್ಲಲಿಲ್ಲ. ತಲೆ ಹಿಂದಕ್ಕೆ ವಾಲಿತು, ನಾನೇ ಎತ್ತಿ ಹಿಡಿದೆ, ಆಗಲೂ ನಗುತ್ತಿದ್ದಿರಿ. ಎಷ್ಟು ವರ್ಷವಾಗಿತ್ತು ರೀ, ನಾವು ಹಾಗೆ ನಕ್ಕು.

ಆಮೇಲೆ ಕೈ ಕೂತುಕೊಂಡಿತು. ನೀವು ಅಕ್ಷರ ಹೇಳುವ ಮೊದಲೇ ನನ್ನ ಬೆರಳು ಅದರ ಮೇಲಿರುತ್ತಿತ್ತು. ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆವು. ಒಂದು ದಿನ ಗಂಟೆ ಮೇಡಂ ನನಗೇ ಫೋನು ಮಾಡಿದರು. "ನಿಮ್ಮೋರು ಹಿಂದೆ ಒಂದು ದಿನ 'ದಯವಿಟ್ಟು' ಅಂತ ಬರೆದೋರಲ್ಲ. ಈಗ ಒಂದೊಂದು ಮೇಲಲ್ಲೂ ಎರಡೆರಡು ಸಲ ಇರುತ್ತೆ. ಗೊತ್ತಾಗಲ್ವಾ ನನಗೆ?" ಆಮೇಲೆ ಆಕೆಯೇ, "ನಾನೇನೂ ಕೇಳಿಲ್ಲ, ನೀವೇನೂ ಹೇಳಿಲ್ಲ. ಒಂದು 'ದಯವಿಟ್ಟು' ಕಮ್ಮಿ ಮಾಡಿ" ಎಂದು ಫೋನಿಟ್ಟರು.

ಆ ಮಧ್ಯಾಹ್ನದ ಜಗಳವನ್ನು ನಾವು ಮುಗಿಸಲೇ ಇಲ್ಲ, ನೆನಪಿದೆಯಾ? ನಾನು ನಿಮಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದೆ. ಒಂದು ಕಟ್ಟಡದ ಕಾವಲಿನವನಿಂದ ಮೇಲ್ ಬಂತು. ಫೋನ್ ಸಿಗುತ್ತಿಲ್ಲ, ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ, ಒಳಗೆ ಒಬ್ಬ ತಾಯಿ, ಕೈಗೂಸು. ಅದನ್ನು ಓದುವ ಅವಸರದಲ್ಲಿ ನಿಮಗೆ ನೀರು ನೆತ್ತಿಗೇರಿತು. ಮುಖ ಕೆಂಪಾಯಿತು, ಆಮೇಲೆ ನೀಲಿ. ನಾನು ಬೆನ್ನು ಗುದ್ದುತ್ತಿದ್ದೇನೆ, ನೀವು ಕಣ್ಣಿನಲ್ಲೇ ಪರದೆ ತೋರಿಸುತ್ತಿದ್ದೀರಿ. ಮೊದಲು ಅದು, ಮೊದಲು ಅದು. ಒಂದು ಕೈ ನಿಮ್ಮ ಬೆನ್ನ ಮೇಲೆ, ಇನ್ನೊಂದು ಕೀಲಿಮಣೆಯ ಮೇಲೆ. ಎಫ್. ಉದ್ದಣ್ಣನ ಹೆಸರಿನ ಮೊದಲ ಅಕ್ಷರ ಒತ್ತಿದ್ದೇ ತಡ ಉಳಿದದ್ದು ತಾನೇ ಬಂತು. ಕಂಟ್ರೋಲು, ಎಂಟರು. ಮೌಸು ಹುಡುಕುವ ಹಾಗಿದ್ದಿದ್ದರೆ ಯಾರೋ ಒಬ್ಬರನ್ನು ಬಿಡಬೇಕಾಗುತ್ತಿತ್ತು. ಯಾರನ್ನು ಬಿಡುತ್ತಿದ್ದೆ ಎಂದು ನಿಮಗೂ ಗೊತ್ತು. ನಿಮಗೆ ಉಸಿರು ಮರಳಿದಾಗ ನಾನು ಕೂಗಾಡಿದೆ: "ಸತ್ತು ಹೋಗ್ತಿದ್ರಲ್ರೀ! ಅವರಿಗೇನು, ಗಾಳಿ ಇರಲ್ವಾ ಲಿಫ್ಟಲ್ಲಿ?" ನೀವು ಒಂದೊಂದೇ ಮಾತನ್ನು ಕಿತ್ತು ಕಿತ್ತು ಹೇಳಿದಿರಿ: "ಗಾಳಿ... ಇರುತ್ತೆ. ಧೈರ್ಯ... ಇರಲ್ಲ." ಸಂಜೆ ಉದ್ದಣ್ಣ ಫೋನು ಮಾಡಿ, "ತಾಯಿ ಮಗು ಈಚೆ ಬಂದ್ರು, ಕೂಸು ನನ್ನ ಮೂಗು ಹಿಡಿದು ಎಳೀತು ಅಣ್ಣಾ" ಎಂದ. ನಿಮ್ಮ ಮುಖ ಅರಳಿತು. ನನಗೆ ಸಿಟ್ಟು ಇಳಿದಿರಲಿಲ್ಲ. ಇನ್ನೂ ಇಳಿದಿಲ್ಲ.

ಆಮೇಲೆ ನಾಲಿಗೆ ಹೋಯಿತು. ಇ, ಸಿ, ಬಿ, ಜಿ, ಪಿ ಎಲ್ಲವೂ ನಿಮ್ಮ ಬಾಯಲ್ಲಿ ಒಂದೇ "ಈ" ಆದವು. ನೀವು ಏನೋ ಹೇಳುವಿರಿ, ನಾನು ಏನೋ ಒತ್ತುವೆ. ಉತ್ತರ ಹೋಗಬೇಕಾದ ಒಂದು ಮೇಲನ್ನು ಎತ್ತಿಟ್ಟುಬಿಟ್ಟೆ. ಬಾಗಿಲು ಮುಚ್ಚದ ಲಿಫ್ಟು ಅದು. ಮಾರನೆಯ ದಿನ ಅವರೇ ಮತ್ತೆ ಬರೆದರು, ಯಾರಿಗೂ ಏನೂ ಆಗಿರಲಿಲ್ಲ. ನಾನು ಸಮಾಧಾನದ ಉಸಿರು ಬಿಟ್ಟೆ. ನೀವು ಬಿಡಲಿಲ್ಲ. ತೆರೆದ ಬಾಗಿಲು, ಕೆಳಗೆ ಬಾವಿ. ಅದರೊಳಗೆ ವರ್ಷಗಟ್ಟಲೆ ನೇತಾಡಿದವರು ನೀವು. ಅದರ ಮಾರನೆಯ ಬೆಳಿಗ್ಗೆ ಕೂತಾಗ ನೀವು ಜೆ ಕೇಳಲಿಲ್ಲ. ನಾನು ಒಂದೊಂದು ಕೀಯ ಮೇಲೂ ಬೆರಳಿಟ್ಟು ನಿಮ್ಮ ಮುಖ ನೋಡಿದೆ. ಸಿ ಬಂದಾಗ ರೆಪ್ಪೆ ಮುಚ್ಚಿದಿರಿ. ಹೊಸ ಮೇಲ್. ಗಂಟೆ ಮೇಡಂಗೆ. ಹಾಗೆ ಅಕ್ಷರಕ್ಕೆ ಅಕ್ಷರ ಹೆಕ್ಕಿ ಬರೆಯಲು ಬೆಳಗಿನ ಹೊತ್ತೆಲ್ಲ ಹಿಡಿಯಿತು: "ಮೇಡಂ, ಇನ್ನು ಸಾಕು. ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿ. ಮೌಸು ಕಿತ್ತುಕೊಂಡಿದ್ದಕ್ಕೆ ಉಪಕಾರ."

ಕಳಿಸಿದೆ. ಪರದೆಯ ಮೂಲೆಯಲ್ಲಿ ಕರಿ ಪಟ್ಟಿ ಬಂತು. ಕಳಿಸಿದ್ದನ್ನು ಹಿಂದಕ್ಕೆ ಕರೆಸಿಕೊಳ್ಳಲು ನಾಲ್ಕು ಉಸಿರಿನಷ್ಟು ಸಮಯ ಕೊಡುತ್ತದೆ ಅದು. ಝಡ್ ಒತ್ತಿದರೆ ಸಾಕು. ನನ್ನ ಬೆರಳು ಝಡ್ ಮೇಲಿತ್ತು. ನಿಮ್ಮನ್ನು ನೋಡಿದೆ. ನೀವು ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಿರಿ. ಪಟ್ಟಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಮೇಡಂ ಫೋನು ಮಾಡಿ, "ಅವರ ಕಿವಿ ಹತ್ತಿರ ಹಿಡೀರಿ" ಎಂದರು. ಹಿಡಿದೆ. ಆಕೆ ಟಿಣ್ ಎಂದು ಗಂಟೆ ಬಾರಿಸಿ ಫೋನಿಟ್ಟುಬಿಟ್ಟರು.

ಈಗ ನನ್ನ ದೂರು. ಆಸ್ಪತ್ರೆಯಿಂದ ಮಾತಿನ ಚಿಕಿತ್ಸೆಯ ಆ ಹೆಂಗಸು ಕಣ್ಣಿನಿಂದ ಬರೆಯುವ ಪರದೆ ತಂದರಲ್ಲ. ಅಕ್ಷರವನ್ನು ದಿಟ್ಟಿಸಿದರೆ ಅದೇ ಬರೆದುಕೊಳ್ಳುತ್ತದೆ, ನೀರಿಗೆ ಒಂದು ಚೌಕ, ನೋವಿಗೆ ಒಂದು ಚೌಕ, ಹೆಂಡತಿಯನ್ನು ಕರೆಯಲು ಒಂದು ಚೌಕ. ನನಗೆ ಎಷ್ಟು ಆಸೆ ಹುಟ್ಟಿತ್ತು ಗೊತ್ತೇ? ನೀವು ಒಮ್ಮೆ ನೋಡಿ ಕಣ್ಣು ಮುಚ್ಚಿದಿರಿ. ಇನ್ನೊಂದು ಸಲ ತಂದಾಗ ಆಕೆ ಬಾಗಿಲು ದಾಟುವವರೆಗೂ ಕಣ್ಣು ಬಿಡಲಿಲ್ಲ. ನಾನು ಕತ್ತರಿಯನ್ನು ಮೇಜಿನ ಮೇಲೆ ಬಿಸಾಡಿ ಅಂದೆ: "ಊರಿನ ಲಿಫ್ಟಿಗೆಲ್ಲ ಉತ್ತರ ಬರೆದ್ರಿ. ನನಗೊಂದು ಮಾತು ಬರೆಯೋಕೆ ನಿಮಗೆ ಕಣ್ಣಿಲ್ವಾ?" ನೀವು ಆಗಲೂ ತೆರೆಯಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ನಿಮಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟಿದ್ದು. ಕೇಳಿಸಿರುತ್ತದೆ ಬಿಡಿ, ಕಿವಿ ಮಾತ್ರ ನಿಮಗೆ ಮೊದಲಿಗಿಂತ ಚುರುಕು.

ನಿಮ್ಮ ಮನಸ್ಸು ಅರ್ಥವಾಯಿತು ಎಂದು ಸುಳ್ಳು ಹೇಳುವುದಿಲ್ಲ. ಹೀಗಿರಬಹುದು ಎಂದುಕೊಂಡಿದ್ದೇನೆ, ಅಷ್ಟೆ. ಬಲಗೈ ಹೋದಾಗ ಎಡಗೈ ಕಲಿತಿರಿ, ಎರಡು ಕೀ ಹೋದಾಗ ಒಂದು ಕಲಿತಿರಿ, ಬೆರಳು ಹೋದಾಗ ನನ್ನನ್ನು ಕಲಿತಿರಿ, ನಾಲಿಗೆ ಹೋದಾಗ ರೆಪ್ಪೆ. ಪ್ರತಿ ಸಲವೂ ಇನ್ನಷ್ಟು ಹತ್ತಿರದ ದಾರಿ. ಎಷ್ಟು ಹತ್ತಿರ ಮಾಡಿಕೊಂಡರೂ ರೋಗ ನಿಮಗಿಂತ ಮೊದಲೇ ಬಂದು ಅಲ್ಲಿ ಕೂತಿರುತ್ತಿತ್ತು. ಮತ್ತೊಂದು ಕಲಿತು ಅದನ್ನೂ ರೋಗದ ಕೈಗೆ ಕೊಡಲು ನಿಮಗೆ ಮನಸ್ಸಿರಲಿಲ್ಲ. ಇರಲಿ. ಆದರೂ ಒಂದು ಮಾತು ಬರೆಯಬಹುದಿತ್ತು, ರೀ. ಅದಕ್ಕೆ ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸದೆಯೇ ನಿಮ್ಮ ಮೈ ಒರೆಸುತ್ತೇನೆ, ಉಗುರು ಕತ್ತರಿಸುತ್ತೇನೆ.

ನಿನ್ನೆ ಡಾಕ್ಟರು ಮಂಚದ ಅಂಚಿನಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದರು. ಉಸಿರಿನ ಶಕ್ತಿ ತಳ ಮುಟ್ಟಿದೆ. ಗಂಟಲಿಗೆ ತೂತು ಮಾಡಿ ಯಂತ್ರ ಹಾಕಿದರೆ ಇನ್ನಷ್ಟು ಕಾಲ, ಹೀಗೇ. ಹಾಕದಿದ್ದರೆ ಇವತ್ತೋ, ಮುಂದಿನ ವಾರವೋ, ಒಂದು ದಿನ ಉಸಿರು ಸಾಕಾಗದೆ ಹೋಗುತ್ತದೆ. "ಬೇಕು ಅಂದ್ರೆ ಒಂದ್ಸಲ ರೆಪ್ಪೆ ಮುಚ್ಚಿ, ಬೇಡ ಅಂದ್ರೆ ಎರಡು ಸಲ." ಅವರ ಮಾತು ಮುಗಿಯುವ ಮೊದಲೇ ನೀವು ಎರಡು ಸಲ ಮುಚ್ಚಿದಿರಿ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಎರಡು ಸಲ. ಆಮೇಲೆ ಅವರು ನನ್ನತ್ತ ತಿರುಗಿದರು. "ಆ ಹೊತ್ತಲ್ಲಿ ಆಂಬುಲೆನ್ಸ್ ಕರೆದ್ರೆ ಅವರು ಜೀವ ಉಳಿಸೋಕೆ ನೋಡ್ತಾರಮ್ಮ, ಅದು ಅವರ ಕೆಲಸ. ಯಂತ್ರ ಹಾಕ್ತಾರೆ. ಕರೀಬೇಕೋ ಬೇಡ್ವೋ ಅನ್ನೋದು ಆಗ ನಿಮ್ಮ ಕೈಲಿರುತ್ತೆ. ಏನಂತೀರಿ?" ಯೋಚನೆ ಮಾಡಿ ಹೇಳ್ತೀನಿ ಎಂದೆ. ನೀವು ಸಂಜೆಯೆಲ್ಲ ನನ್ನನ್ನೇ ನೋಡಿದಿರಿ. ನಾನು ಆ ಕಡೆ ನೋಡಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಮಡಿಚಿದೆ.

ಬೆಳಿಗ್ಗೆ ನಿಮ್ಮಕ್ಕ ಫೋನಿನಲ್ಲಿ ಅತ್ತರು. "ಹಾಕಿಸೇ, ಇರೋವರೆಗೂ ಇರಲಿ. ಕಣ್ಣಿಗೆ ಕಾಣೋ ಹಾಗೆ ಇರಲಿ." ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು. ಹೇಳಿಬಿಡುತ್ತೇನೆ. ನೀವು ಮಾತಾಡದಿದ್ದರೂ ಸರಿ, ಕಣ್ಣು ತೆರೆಯದಿದ್ದರೂ ಸರಿ, ಎಡಕ್ಕೆ ಬಲಕ್ಕೆ ಹೊರಳಿಸಲು ಬೆಚ್ಚಗಿನ ಒಂದು ಮೈ ಈ ಮನೆಯಲ್ಲಿ ಇರಲಿ ಎಂದು ಬೇಡಿಕೊಂಡಿದ್ದೇನೆ. ಅದು ನಿಮಗಾಗಿ ಅಲ್ಲ, ನನಗಾಗಿ. ಇಷ್ಟು ದಿನ ನಿಮ್ಮ ಕೈ ನಾನು. ನೀವು ಹೋದ ಮೇಲೆ ಈ ಎರಡು ಕೈ ಇಟ್ಟುಕೊಂಡು ಏನು ಮಾಡಲಿ? ಜನ ಹೇಳುತ್ತಾರೆ, ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮುಂದೆ ಏನೋ ಒಳ್ಳೆಯದಿದೆ ಎಂದು ನಿಮ್ಮ ಮುಂದೆ ನಟಿಸಲೂ ನನಗೆ ಬರುವುದಿಲ್ಲ.

ಆದರೂ ಉತ್ತರ ಕೊಡಬೇಕು. ನೀವು ಬಾಯಿ ಬಿಟ್ಟು ಏನು ಹೇಳಿದರೂ ಈ ಬೆರಳುಗಳು ಅದನ್ನೇ ಒತ್ತಿದವು. ಆ 'ದಯವಿಟ್ಟು' ಒಂದನ್ನು ಬಿಟ್ಟರೆ, ನನಗೆ ಬೇಕಾದದ್ದನ್ನು ನಿಮ್ಮ ಹೆಸರಿನಲ್ಲಿ ಒಂದು ಸಲವೂ ಒತ್ತಲಿಲ್ಲ. ಈಗ ಬಾಯಿಲ್ಲ ಎಂದು ನಿಮ್ಮ ಮಾತು ದಾಟಿದರೆ ನಾನು ಯಾರು?

ಕರೆಯುವುದಿಲ್ಲ, ರೀ. ಆ ಹೊತ್ತು ಬಂದಾಗ ಯಾರನ್ನೂ ಕರೆಯುವುದಿಲ್ಲ. ಉಸಿರಿನ ಸಂಕಟ ತಿಳಿಯದ ಹಾಗೆ ನಾಲಿಗೆಯಡಿ ಬಿಡುವ ಹನಿ ಔಷಧಿ ಕೊಡುತ್ತೇನೆಂದು ಡಾಕ್ಟರು ಹೇಳಿದ್ದಾರೆ. ಉದ್ದಣ್ಣ ಇನ್ನು ಮೇಲೆ ನಡುಮನೆಯಲ್ಲೇ ಮಲಗುತ್ತಾನಂತೆ, ನಾನು ಕೇಳದೆಯೇ ಹಾಸಿಗೆ ತಂದಿಟ್ಟು ಹೋಗಿದ್ದಾನೆ. ನಿಮ್ಮಕ್ಕನಿಗೆ ನಾನೇ ಹೇಳುತ್ತೇನೆ. ಬೈಯಲಿ. ನಾನು ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ, ಕೈ ಹಿಡಿದುಕೊಂಡಿರುತ್ತೇನೆ. ನಡುವೆ ಎದ್ದು ಓಡಿಹೋಗಿ ಫೋನು ಎತ್ತಿಬಿಡುತ್ತೇನೋ ಎಂಬ ಭಯ ನನಗೇ ಇದೆ. ಅದಕ್ಕೆ ಫೋನನ್ನು ಉದ್ದಣ್ಣನ ಕೈಗೆ ಕೊಟ್ಟಿರುತ್ತೇನೆ. ಇದು ನನ್ನ ಉತ್ತರ.

ಕಾಗದ ಮುಗಿಸುವ ಮಾತು ಹುಡುಕುತ್ತಾ ಬಹಳ ಹೊತ್ತಾಯಿತು. ನಮ್ಮ ಮಾತಿನಲ್ಲಿ ಹೊರಟವರಿಗೆ ಹೋಗಿ ಎನ್ನುವ ವಾಡಿಕೆಯೇ ಇಲ್ಲ. ಹೋಗಿಬನ್ನಿ ಎನ್ನುತ್ತೇವೆ. ನೀವು ಡಬ್ಬಿ ಹಿಡಿದು ಕೆಲಸಕ್ಕೆ ಹೊರಟಾಗಲೆಲ್ಲ ನಾನೂ ಅದನ್ನೇ ಅಂದೆ, ಅಂದ ಹಾಗೆ ನೀವೂ ಬಂದಿರಿ. ಈಗ ಹಾಗೆ ಹೇಳಿದರೆ ಈ ಮಂಚಕ್ಕೇ, ಈ ಮೈಗೇ ಮತ್ತೆ ಬನ್ನಿ ಅಂದ ಹಾಗಾಗುತ್ತದೆ. ಅಷ್ಟು ಕೆಟ್ಟವಳಲ್ಲ ನಾನು. ನಿಮಗೆ ನೋವಾಗದಿರಲಿ, ಭಯವಾಗದಿರಲಿ, ಕೊನೆಯ ಗಳಿಗೆಯಲ್ಲಿ ನನ್ನ ಮುಖ ನಿಮ್ಮ ಕಣ್ಣಿಗೆ ಕಾಣುವಷ್ಟು ಹತ್ತಿರವಿರಲಿ.

ಹೋಗಿ, ರೀ.

ಮೂಗಿನ ಸದ್ದು ನಿಂತಿತು. ಎಚ್ಚರವಾಗಿರಬೇಕು ನಿಮಗೆ. ಮುಖ ತೊಳೆದುಕೊಂಡು ಬಂದೆ.

ಇಷ್ಟು ಬರೆದವಳು,
ನಿಮ್ಮ ಜಗಳಗಂಟಿ